ಬೆಂದದ್ದು ಮತ್ತೆ ಬೇಯುತ್ತದೆಯೇ?

ಶುಕ್ರವಾರ ಹೊತ್ತು ಮುಳುಗುವ ಮೊದಲೇ ಯಹೂದಿ ಮನೆಯ ಅಡುಗೆ ಮುಗಿದಿರಬೇಕು. ಶನಿವಾರ ರಾತ್ರಿ ನಕ್ಷತ್ರ ಕಾಣುವವರೆಗೂ ಸಬ್ಬತ್, ಅಂದರೆ ವಾರದ ವಿಶ್ರಾಂತಿ ದಿನ. ಒಲೆ ಹೊತ್ತಿಸುವ ಹಾಗಿಲ್ಲ, ಬೇಯಿಸುವ ಹಾಗಿಲ್ಲ. ಹಾಗಾದರೆ ಶನಿವಾರ ಮಧ್ಯಾಹ್ನಕ್ಕೆ ತಂಗಳೇ ಗತಿಯಾ?

ಬೈಬಲಿನ ವಿಮೋಚನಕಾಂಡ 35:3 ಹೇಳುವುದು ಇಷ್ಟೇ: ಸಬ್ಬತ್ ದಿನ ಮನೆಗಳಲ್ಲಿ ಬೆಂಕಿ ಹೊತ್ತಿಸಬಾರದು. ಮೊದಲೇ ಹೊತ್ತಿಸಿದ್ದು ಉರಿಯುತ್ತಾ ಇರಬಹುದಲ್ವಾ? ಇರಬಹುದು ಎಂದಿತು ಕ್ರಿ.ಶ. 200ರ ಸುಮಾರಿನ ಯಹೂದಿ ಧರ್ಮನಿಯಮಗಳ ಸಂಗ್ರಹ ಮಿಶ್ನಾ. ಆದರೆ ಸೌದೆ ಒಲೆಯಾದರೆ ಕೆಂಡ ಎಳೆದು ಹಾಕಬೇಕು, ಇಲ್ಲವೇ ಬೂದಿ ಮುಚ್ಚಬೇಕು. ಪಾತ್ರೆ ಇಟ್ಟವರ ಕೈ ಸುಮ್ನಿರುವುದಿಲ್ಲ, ಕೆಂಡ ಕೆದಕಿಬಿಟ್ಟಾರು ಎಂಬ ಭಯ. ಒಲೆ ಮುಂದೆ ಕೂತು ಗೊತ್ತಿದ್ದವರೇ ಮಾಡಿದ ನಿಯಮ ಅನ್ನಿಸುತ್ತದೆ. ಗ್ಯಾಸ್ ಬಂದ ಮೇಲೆ ಬೂದಿಯ ಜಾಗಕ್ಕೆ ಉರಿಯ ಮೇಲೆ ಮುಚ್ಚುವ ಒಂದು ತಗಡು ಬಂತು. ಯಿಡ್ಡಿಶ್ ಮಾತಾಡುವವರು ಅದನ್ನು ಬ್ಲೆಖ್ ಅನ್ನುತ್ತಾರೆ.

ಬೈಬಲ್ ಮಾತ್ರ ಸಾಕು, ಮಿಶ್ನಾದಂಥವು ಬೇಡ ಎನ್ನುವ ಮಧ್ಯಯುಗದ ಕರಾಯಿಟ್ ಯಹೂದಿ ಪಂಥದವರು ಇದನ್ನು ಒಪ್ಪಲಿಲ್ಲ. ಉರಿಯುವ ಬೆಂಕಿಯೇ ಬೇಡ ಎಂದು ಕತ್ತಲಲ್ಲಿ ಕೂತು ತಣ್ಣಗಿನ ಊಟ ಮಾಡಿದರು. ಉಳಿದವರಿಗೆ ಬಿಸಿ ಊಟವೇ ನಿಷ್ಠೆಯ ಗುರುತಾಯಿತು. ಬಿಸಿ ತಿನ್ನದವನನ್ನು ಅನುಮಾನಿಸಬೇಕು ಎಂದು 12ನೇ ಶತಮಾನದಲ್ಲಿ ರಬ್ಬಿ (ಯಹೂದಿ ಧರ್ಮಗುರು) ಜೆರಹ್ಯಾ ಹಲೇವಿ ಬರೆದರು! ರಾತ್ರಿಯಿಡೀ ಸಣ್ಣ ಶಾಖದಲ್ಲೇ ಇರುವ ಹಮೀನ್, ಚೋಲೆಂಟ್ ಎಂಬ ಮಾಂಸ-ಕಾಳಿನ ಅಡುಗೆಗಳು, ಬಾಗ್ದಾದಿನವರ ಅಕ್ಕಿ-ಕೋಳಿಯ ತ್ಬೀತ್ ಎಲ್ಲ ಈ ಊಟಕ್ಕಾಗಿಯೇ.

ಆರಿಹೋದದ್ದನ್ನು ಮತ್ತೆ ಬಿಸಿ ಮಾಡಬಹುದೇ ಎಂಬಲ್ಲಿ ಜಗಳ ಜಾಸ್ತಿ. ಬೆಂದದ್ದು ಮತ್ತೆ ಬೇಯುವುದಿಲ್ಲ ಎಂಬುದು ಸೂತ್ರ. ಕೋಳಿಯಂಥ ಒಣ ಪದಾರ್ಥಕ್ಕೆ ಇದನ್ನು ಎಲ್ಲರೂ ಒಪ್ಪುತ್ತಾರೆ. ಸಾರಿನ ಕತೆ ಬೇರೆ. ಆರಿದ ಸಾರು ಕಾಯಿಸಿದರೆ ಹೊಸದಾಗಿ ಬೇಯಿಸಿದ ಹಾಗೆಯೇ ಎಂದರು ಜರ್ಮನಿಯಿಂದ ಸ್ಪೇನಿಗೆ ಬಂದ ರಬ್ಬಿ ಆಶೆರ್. 12ನೇ ಶತಮಾನದ ಯಹೂದಿ ಪಂಡಿತ ಮೈಮೋನಿಡಿಸ್ ಪ್ರಕಾರ ಒಮ್ಮೆ ಬೆಂದರೆ ಮುಗಿಯಿತು. 1565ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಶುಲ್ಖಾನ್ ಅರೂಖ್ ಎಂಬ ಧರ್ಮನಿಯಮಗಳ ಪುಸ್ತಕದಲ್ಲಿ ಜೋಸೆಫ್ ಕಾರೋ ಆರಿದ ಸಾರು ಬೇಡ ಎಂದರೆ, ಪೋಲೆಂಡಿನ ಕ್ರಾಕೋದ ರಬ್ಬಿ ಮೋಶೆ ಇಸ್ಸರ್ಲೆಸ್ ಪೂರ್ತಿ ಆರಿರದಿದ್ದರೆ ಪರವಾಗಿಲ್ಲ ಎಂದರು. ಯೆಮನ್ ಮೂಲದ ಹಲವರು ಇವತ್ತಿಗೂ ಮೈಮೋನಿಡಿಸ್ ಮಾತಿನಂತೆ ಸೂಪ್ ಬಿಸಿ ಮಾಡುತ್ತಾರೆ.

ಇಸ್ರೇಲಿನ ಮನೆಗಳಲ್ಲಿ ಈಗ ಪ್ಲಾಟಾ ಇದೆ. ಶಾಖ ಹೆಚ್ಚು ಕಡಿಮೆ ಮಾಡುವ ಗುಂಡಿಯೇ ಇಲ್ಲದ ಕರೆಂಟ್ ತಟ್ಟೆ. ಕೆದಕಲು ಏನೂ ಇಲ್ಲ, ಹಾಗಾಗಿ ಬೂದಿಯೂ ಬೇಡ ಎಂದು ಹಲವು ರಬ್ಬಿಗಳು ಒಪ್ಪಿದ್ದಾರೆ. ಫ್ರಿಜ್ಜಿನ ಕೋಳಿ ನೇರ ಅದರ ಮೇಲೇರುತ್ತದೆ. ಸಾರಿನ ಪಾತ್ರೆ ಮಾತ್ರ ಆ ಮನೆಯವರು ಯಾವ ರಬ್ಬಿಯ ಮಾತು ಕೇಳುತ್ತಾರೆ ಎಂದು ಕಾಯಬೇಕು.