ಸ್ಪಲ್ಲಿಯೆರಾ: ಹೆಗಲೆತ್ತರದ ಚಿತ್ರ

ಇಟಲಿಯ ಚಿತ್ರಕಾರ ಬೊಟಿಚೆಲ್ಲಿ 1485ರ ಹೊತ್ತಿಗೆ ಮರದ ಹಲಗೆಯ ಮೇಲೆ ಬರೆದ 'ವೀನಸ್ ಮತ್ತು ಮಾರ್ಸ್' ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅಗಲ ಸುಮಾರು 173 ಸೆಂಟಿಮೀಟರ್, ಎತ್ತರ ಬರೀ 69. ಹಲಗೆ ಯಾಕೆ ಇಷ್ಟು ಉದ್ದ ಅಂತ ಕೇಳಿದರೆ ಉತ್ತರ ಒಂದು ಇಟಾಲಿಯನ್ ಪದದಲ್ಲಿದೆ: ಸ್ಪಲ್ಲಿಯೆರಾ.

'ಸ್ಪಲ್ಲಾ' ಅಂದರೆ ಹೆಗಲು. ಗೋಡೆಗೆ ಒರಗಿ ಕೂತವರ ಹೆಗಲ ಹಿಂದೆ ಇಳಿಬಿಡುತ್ತಿದ್ದ ಬಟ್ಟೆಗೆ ಮೊದಲು ಈ ಹೆಸರಿತ್ತು. 15ನೇ ಶತಮಾನದ ಫ್ಲಾರೆನ್ಸಿನಲ್ಲಿ ಆ ಜಾಗಕ್ಕೆ ಚಿತ್ರ ಬರೆದ ಮರದ ಹಲಗೆ ಬಂತು. ಬೆಂಚು, ಮಂಚ, ಪೆಟ್ಟಿಗೆಗಳ ಮೇಲ್ಗಡೆ ಗೋಡೆಗೆ ಅದನ್ನು ಕೂರಿಸುತ್ತಿದ್ದರು. ಸಿರಿವಂತರ ಮನೆಯಲ್ಲಿ ಮದುವೆ ಅಂದರೆ ಹೊಸ ಜೋಡಿಯ ಕೋಣೆಗೆ ಇಂಥವನ್ನು ಹೇಳಿ ಬರೆಸುತ್ತಿದ್ದದ್ದುಂಟು. ಗ್ರೀಕ್, ರೋಮನ್ ಪುರಾಣದ ಕಥೆಗಳು ಮನೆಯೊಳಗೆ ಬಂದ ದಾರಿಗಳಲ್ಲಿ ಇದೂ ಒಂದು.

ಇದರ ಜೊತೆಯದು 'ಕಸ್ಸೋನೆ', ಅಂದರೆ ಚಿತ್ರ ಬರೆದ ಮದುವೆ ಪೆಟ್ಟಿಗೆ. ಅದು ನೆಲದ ಮೇಲಿರುತ್ತದೆ, ಬಗ್ಗಿ ನೋಡಬೇಕು. ಸ್ಪಲ್ಲಿಯೆರಾ ಹಾಗಲ್ಲ, ಕಣ್ಣಿಗೆ ನೇರ ಸಿಗುತ್ತದೆ. ಅದಕ್ಕೇ ಅದರಲ್ಲಿ ಆಕೃತಿಗಳೂ ದೊಡ್ಡವು.

ಬೊಟಿಚೆಲ್ಲಿಯ ಈ ಹಲಗೆಯೂ ಸ್ಪಲ್ಲಿಯೆರಾ ಆಗಿದ್ದಿರಬೇಕು ಅಂತ ಕಲಾ ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಹಾಗಂದುಕೊಂಡು ನೋಡಿದರೆ ಚಿತ್ರವೇ ಬೇರೆಯಾಗುತ್ತದೆ. ಎಡಕ್ಕೆ ಪ್ರೇಮದೇವತೆ ವೀನಸ್, ಎಚ್ಚರವಾಗಿ ಒರಗಿದ್ದಾಳೆ. ಬಲಕ್ಕೆ ಯುದ್ಧದೇವತೆ ಮಾರ್ಸ್, ಬಾಯಿ ಅರೆ ತೆರೆದು ನಿದ್ದೆ ಹೊಡೆಯುತ್ತಿದ್ದಾನೆ. ಗ್ರೀಕ್ ಪುರಾಣದ ಮೇಕೆಕಾಲಿನ ಜೀವಿಗಳಾದ ಪುಟ್ಟ ಸ್ಯಾಟಿರ್‌ಗಳು ಅವನ ಈಟಿ ಎತ್ತಿಕೊಂಡು ಆಡುತ್ತಿವೆ. ಒಂದರ ತಲೆ ಅವನ ಶಿರಸ್ತ್ರಾಣದೊಳಗೆ ಮುಳುಗಿಯೇ ಹೋಗಿದೆ. ಇನ್ನೊಂದು ಅವನ ಕಿವಿಗೇ ಶಂಖ ಹಿಡಿದು ಊದುತ್ತಿದೆ. ಊಹೂಂ, ಏಳುವುದಿಲ್ಲ! ಮಲಗುವ ಕೋಣೆಗೆ ಎಷ್ಟು ಚೆನ್ನಾಗಿ ಒಪ್ಪುವ ತಮಾಷೆ, ಅಲ್ವಾ?

ನನಗೆ ಜಾಸ್ತಿ ಇಷ್ಟವಾಗುವುದು ಬಲತುದಿಯಲ್ಲಿ, ಮಾರ್ಸ್‌ನ ತಲೆಯ ಹತ್ತಿರ ಇರುವ ಕಣಜದ ಹುಳುಗಳು. ಇಟಾಲಿಯನ್ನಿನಲ್ಲಿ ಕಣಜಕ್ಕೆ 'ವೆಸ್ಪಾ' ಅನ್ನುತ್ತಾರೆ, ಸ್ಕೂಟರಿಗೆ ಆ ಹೆಸರು ಬಂದದ್ದೂ ಇದರಿಂದಲೇ. ಹಾಗಾಗಿ ಚಿತ್ರ ಬರೆಸಿದವರು ಫ್ಲಾರೆನ್ಸಿನ ವೆಸ್ಪುಚ್ಚಿ ಮನೆತನದವರಿರಬಹುದು ಅನ್ನುವ ಊಹೆಯಿದೆ. ದೂರ ನಿಂತು ಸುಮ್ನೆ ಕಣ್ಣು ಹಾಯಿಸಿದರೆ ಆ ಕಣಜಗಳು ಕಾಣುವುದಿಲ್ಲ. ದಿನಾ ಅದರ ಪಕ್ಕದಲ್ಲೇ ಕೂತು ಏಳುತ್ತಿದ್ದವರಿಗೆ ಕಾಣದೇ ಇರುತ್ತಿರಲಿಲ್ಲ.