92 ಪರ್ಸೆಂಟೈಲ್ ಅಂದರೆ ಎಷ್ಟು ಮಾರ್ಕು?

ಬದಿಯಡ್ಕದಲ್ಲಿರುವ ಅಣ್ಣನ ಮಗಳಿಗೆ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಜೆಇಇ ಮೇನ್‌ನಲ್ಲಿ 92 ಪರ್ಸೆಂಟೈಲ್ ಬಂತು. "ನೂರಕ್ಕೆ ತೊಂಬತ್ತೆರಡಾ, ಭಾರೀ ಆಯ್ತಲ್ಲ ಮಗಾ!" ಅಂದರು ಪಕ್ಕದ ಮನೆ ಮಾವ. ಅವಳು ನನ್ನ ಮುಖ ನೋಡಿದಳು. ಅವಳಿಗೆ ಬಂದದ್ದು 300ರಲ್ಲಿ ನೂರಕ್ಕಿಂತ ಚೂರು ಜಾಸ್ತಿ, ಅಷ್ಟೇ.

ಪರ್ಸೆಂಟೈಲ್ ಹೇಳುವುದು ಸಾಲಿನಲ್ಲಿ ನೀವು ಎಲ್ಲಿ ನಿಂತಿದ್ದೀರಿ ಅನ್ನುವುದನ್ನು. ನಿಮ್ಮ ಶಿಫ್ಟಿನಲ್ಲಿ, ಅಂದರೆ ನಿಮ್ಮ ಜೊತೆ ಅದೇ ದಿನ ಅದೇ ಹೊತ್ತಿಗೆ, ಬರೆದವರ ಪೈಕಿ ನಿಮ್ಮಷ್ಟೇ ಅಥವಾ ನಿಮಗಿಂತ ಕಡಿಮೆ ಮಾರ್ಕು ತೆಗೆದವರು ನೂರಕ್ಕೆ ಎಷ್ಟು ಜನ ಅಂತ ಲೆಕ್ಕ. ಹಾಗಾಗಿ ಶಿಫ್ಟಿಗೇ ಮೊದಲು ಬಂದವರಿಗೆ, 300ಕ್ಕೆ 300 ಬಾರದಿದ್ದರೂ, 100 ಪರ್ಸೆಂಟೈಲ್.

ಸುಮ್ನೆ ಮಾರ್ಕೇ ಕೊಟ್ಟರೆ ಸಾಕಿತ್ತು, ಅಲ್ವಾ? ಆದರೆ ಪರೀಕ್ಷೆ ಹಲವು ದಿನ ನಡೆಯುತ್ತದೆ, ಒಂದೊಂದು ಶಿಫ್ಟಿಗೂ ಬೇರೆ ಬೇರೆ ಪೇಪರ್. ಪೈವಳಿಕೆ ಕಡೆಯವರಿಗೆ ಕಂಬಳ ನೋಡಿ ಗೊತ್ತಿರುತ್ತದೆ, ಕೋಣ ಓಡುವ ಕೆಸರಿನ ಕರೆಗಳೆಲ್ಲ ಒಂದೇ ಉದ್ದ ಇರುವುದಿಲ್ಲ. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಅದನ್ನು 100 ಮೀಟರಿಗೆ ಇಳಿಸಿ 9.55 ಸೆಕೆಂಡ್ ಅಂದರು (ಅದರಲ್ಲಿ ಕೋಣಗಳ ಪಾಲೆಷ್ಟು ಅಂತ ಕೇಳಬೇಡಿ). ಕರೆಯನ್ನು ಟೇಪು ಹಿಡಿದು ಅಳೆಯಬಹುದು. ಪೇಪರ್ ಎಷ್ಟು ಕಷ್ಟ ಅಂತ ಅಳೆಯಲು ಟೇಪು ಎಲ್ಲಿದೆ?

ಅದಕ್ಕೆ ಬರೆದ ಮಕ್ಕಳನ್ನೇ ಟೇಪು ಮಾಡಿಕೊಳ್ಳುತ್ತಾರೆ. ಒಂದೊಂದು ಶಿಫ್ಟಿಗೆ ಲಕ್ಷದ ಆಸುಪಾಸು ಜನ, ಯಾರಿಗೆ ಯಾವ ಶಿಫ್ಟ್ ಅನ್ನುವುದು ಚೀಟಿ ಎತ್ತಿದ ಹಾಗೆ. ಅಷ್ಟು ದೊಡ್ಡ ಗುಂಪಿನಲ್ಲಿ ಜಾಣರೂ ಉಳಿದವರೂ ಬೆಳಗ್ಗಿನ ಶಿಫ್ಟಿನಲ್ಲೂ ಮಧ್ಯಾಹ್ನದ್ದರಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇರುತ್ತಾರೆ ಅಂತ ಇಟ್ಟುಕೊಂಡರೆ, ಬೆಳಗ್ಗಿನವರ ಮಾರ್ಕೆಲ್ಲ ಕೆಳಗಿಳಿದಿದ್ದರೆ ಅದು ಪೇಪರ್ ಕಷ್ಟ ಇದ್ದುದರಿಂದಲೇ. ಬೆಳಗ್ಗೆ 110 ತೆಗೆದವಳೂ ಮಧ್ಯಾಹ್ನ 125 ತೆಗೆದವನೂ ತಂತಮ್ಮ ಸಾಲಿನಲ್ಲಿ ಒಂದೇ ಕಡೆ ನಿಂತಿದ್ದರೆ ಇಬ್ಬರಿಗೂ ಒಂದೇ ಪರ್ಸೆಂಟೈಲ್. ಬರೆದವರು ಬರೀ ಐವತ್ತು ಜನ ಆಗಿದ್ದರೆ ನಾನಂತೂ ಈ ಲೆಕ್ಕ ನಂಬುತ್ತಿರಲಿಲ್ಲ.

ಮೆಡಿಕಲ್ ಪ್ರವೇಶ ಪರೀಕ್ಷೆ ನೀಟ್ ಎಲ್ಲರಿಗೂ ಒಂದೇ ಹೊತ್ತಿಗೆ ನಡೆಯುವುದರಿಂದ ಅಲ್ಲಿ ಈ ತಾಪತ್ರಯ ಇಲ್ಲ, 720ಕ್ಕೆ ಎಷ್ಟು ಅಂತ ನೇರ ಮಾರ್ಕು.

"ಹಾಗಾದ್ರೆ ನನ್ನ ಮುಂದೆ ಎಷ್ಟು ಜನ ಇದ್ದಾರೆ?" ಅಂತ ಕೇಳಿದಳು. ಬರೆದವರು 12 ಲಕ್ಷ ಅಂತ ಇಟ್ಟುಕೋ, ಒಂದೊಂದು ಪರ್ಸೆಂಟೈಲಿಗೆ 12 ಸಾವಿರ ಜನ, ನಿನ್ನ ಮೇಲಿರುವ ಎಂಟಕ್ಕೆ 96 ಸಾವಿರ ಅಂದೆ. 2011ರ ಜನಗಣತಿಯಲ್ಲಿ ಕಾಸರಗೋಡು ನಗರಸಭೆಯ ಇಡೀ ಜನಸಂಖ್ಯೆಯೇ 54 ಸಾವಿರ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮಾವನಿಗೆ ಇದೆಲ್ಲ ಹೇಳ್ಬೇಡಿ ಚಿಕ್ಕಪ್ಪ."