ಮೇರಿ ಸ್ಯೂ: ನಾಯಕಿಗೆ ಬೇಗ ಅಂಟುವ ಹಣೆಪಟ್ಟಿ

ಫ್ಯಾಂಟಸಿ ಕಾದಂಬರಿಯೊಂದರ ಮುಖ್ಯ ಪಾತ್ರ ಕೈಯಿಟ್ಟ ಕೆಲಸವೆಲ್ಲ ಕೈಗೂಡುತ್ತದೆ, ಕಂಡವರೆಲ್ಲ ಅದನ್ನು ಮೆಚ್ಚುತ್ತಾರೆ, ಮೆಚ್ಚದವರು ಕೆಲವೇ ಪುಟಗಳಲ್ಲಿ ಖಳರಾಗಿಬಿಡುತ್ತಾರೆ. ಇಂಥ ಪಾತ್ರವನ್ನು ವಿಮರ್ಶಕರು ‘ಮೇರಿ ಸ್ಯೂ’ ಎನ್ನುತ್ತಾರೆ. ಗಂಡು ಪಾತ್ರಕ್ಕೆ ‘ಗ್ಯಾರಿ ಸ್ಟೂ’, ‘ಮಾರ್ಟಿ ಸ್ಟೂ’ ಎಂಬ ಹೆಸರುಗಳೂ ಇವೆ. ಆದರೆ ಅವುಗಳ ಬಳಕೆ ತೀರ ಕಡಿಮೆ, ಯಾಕೆಂದು ಮುಂದೆ ನೋಡೋಣ.

ಹೆಸರು ಹುಟ್ಟಿದ್ದು 1973ರಲ್ಲಿ. ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಅಭಿಮಾನಿಗಳು ತಾವೇ ಅಚ್ಚುಹಾಕಿ ಹಂಚುತ್ತಿದ್ದ ಪತ್ರಿಕೆಗಳಿಗೆ ಒಂದೇ ಬಗೆಯ ಕಥೆಗಳು ಬರುತ್ತಿದ್ದವು: ಹೊಸದಾಗಿ ಬಂದ ಹುಡುಗಿಯೊಬ್ಬಳು ಎಲ್ಲರ ಮನಗೆದ್ದು ಎಲ್ಲರನ್ನೂ ಕಾಪಾಡುವ ಕಥೆ. ಇದನ್ನು ಅಣಕಿಸಿ ಪೌಲಾ ಸ್ಮಿತ್ ‘ಮೆನಾಜರಿ’ ಎಂಬ ಪತ್ರಿಕೆಯಲ್ಲಿ ಒಂದು ಪುಟ್ಟ ವಿಡಂಬನೆ ಬರೆದರು. ಅದರ ನಾಯಕಿ ಲೆಫ್ಟಿನೆಂಟ್ ಮೇರಿ ಸ್ಯೂಗೆ ವಯಸ್ಸು ಹದಿನೈದೂವರೆ. ಆಕೆ ನೊಬೆಲ್ ಶಾಂತಿ ಪ್ರಶಸ್ತಿಯನ್ನೂ ಪಡೆಯುತ್ತಾಳೆ, ಸಾಯುವಾಗ ಬಾಹ್ಯಾಕಾಶ ಹಡಗಿನ ಹಿರಿಯ ಅಧಿಕಾರಿಗಳೆಲ್ಲರ ಕಣ್ಣಲ್ಲಿ ನೀರು ತರಿಸುತ್ತಾಳೆ.

ಹಾಗಾದರೆ ದೋಷ ಯಾವುದು? ಪಾತ್ರಕ್ಕೆ ಸಾಮರ್ಥ್ಯ ಹೆಚ್ಚಾಯಿತು ಎಂದು ಹಲವರು ತಿಳಿಯುತ್ತಾರೆ. ಸಾಮರ್ಥ್ಯ ಎಷ್ಟಿದ್ದರೂ ಕಥೆ ಕೆಡುವುದಿಲ್ಲ. ಕಥೆ ತಾನೇ ಕಟ್ಟಿಕೊಂಡ ನಿಯಮವನ್ನು ಒಬ್ಬರಿಗಾಗಿ ಸಡಿಲಿಸಿದಾಗ ಕೆಡುತ್ತದೆ. ಮಂತ್ರ ಕಲಿಯಲು ಹತ್ತು ವರ್ಷ ಬೇಕು, ಪ್ರಯೋಗಿಸಿದವರ ಆಯಸ್ಸು ಸವೆಯುತ್ತದೆ ಎಂದು ಮೂರನೆಯ ಅಧ್ಯಾಯದಲ್ಲಿ ಹೇಳಿ, ಐದನೆಯದರಲ್ಲಿ ನಾಯಕಿ ಅದನ್ನು ಒಂದೇ ರಾತ್ರಿಯಲ್ಲಿ ಕಲಿತು ಏನನ್ನೂ ಕಳೆದುಕೊಳ್ಳದೆ ಬಳಸಿದರೆ, ಅಲ್ಲಿಂದಾಚೆಗೆ ಯಾವ ಅಪಾಯವನ್ನೂ ಓದುಗ ನಂಬುವುದಿಲ್ಲ. ನಾಯಕ ಹೀಗೆ ಮಾಡಿದರೂ ಇದೇ ಪರಿಣಾಮವಾಗಬೇಕಿತ್ತು.

ಆದರೆ ಆಗುವುದಿಲ್ಲ. ರಾಬರ್ಟ್ ಇ. ಹೋವರ್ಡ್ 1932ರಲ್ಲಿ ‘ವಿಯರ್ಡ್ ಟೇಲ್ಸ್’ ಪತ್ರಿಕೆಯಲ್ಲಿ ಪರಿಚಯಿಸಿದ ಕೋನನ್ ಬೇರೆ ಬೇರೆ ಕಥೆಗಳಲ್ಲಿ ಕಳ್ಳ, ಕಡಲ್ಗಳ್ಳ, ಬಾಡಿಗೆ ಸೈನಿಕ, ರಾಜ ಎಲ್ಲವೂ ಆಗುತ್ತಾನೆ. ಅವನ ತೋಳ್ಬಲಕ್ಕೆ ಕಾರಣ ಕೊಡಿ ಎಂದು ಓದುಗರು ಪಟ್ಟುಹಿಡಿಯುವುದಿಲ್ಲ. ಎರಡು ವರ್ಷಗಳ ನಂತರ ಅದೇ ಪತ್ರಿಕೆಯಲ್ಲಿ ಸಿ. ಎಲ್. ಮೂರ್ ಎಂಬ ಲೇಖಕಿ ಕವಚ ತೊಟ್ಟು ಕಾದುವ ಜಿರೆಲ್ ಎಂಬ ಕೋಟೆಯೊಡತಿಯನ್ನು ಸೃಷ್ಟಿಸಿದರು. ಅಂದರೆ ಈ ಪ್ರಕಾರದಲ್ಲಿ ಹೋರಾಡುವ ನಾಯಕಿ ಹೊಸಬಳೇನಲ್ಲ. ಆದರೂ ನಾಯಕನ ಪರಾಕ್ರಮವನ್ನು ಸಹಜವೆಂದು ಒಪ್ಪುವ ಓದುಗರೇ ನಾಯಕಿಯಿಂದ ವಿವರಣೆ ಬೇಡುತ್ತಾರೆ. ಲೇಖಕರೂ ಹೆದರಿ, ‘ಗಂಡುಮಕ್ಕಳಿಲ್ಲದ ತಂದೆ ಕತ್ತಿವರಸೆ ಕಲಿಸಿದ’ ಎಂಬ ಸವೆದ ಕಾರಣವನ್ನೋ, ಆಕೆಯ ಮೇಲೆ ನಡೆದ ದೌರ್ಜನ್ಯವನ್ನೋ ತಂದಿಡುತ್ತಾರೆ. ಎರಡನೆಯದು ನನಗೆ ತೀರ ಬೇಸರ ತರಿಸುತ್ತದೆ. ಆಸೆ, ಹಟ, ಕುತೂಹಲ ಇವಿಷ್ಟೇ ಸಾಕೆಂದು ನಾಯಕನಿಗೆ ಒಪ್ಪುವವರು ನಾಯಕಿಗೆ ಗಾಯವನ್ನೇ ಕಡ್ಡಾಯ ಮಾಡುತ್ತಾರೆ. ಅಭಿಮಾನಿ ಬರಹಗಾರ್ತಿಯರು ಈ ಹಣೆಪಟ್ಟಿಗೆ ಅಂಜಿ ಬಲವಾದ ಹೆಣ್ಣು ಪಾತ್ರಗಳಿಂದಲೇ ದೂರ ಸರಿದದ್ದನ್ನು ಸಂಶೋಧಕಿ ಕೆಮಿಲ್ ಬೇಕನ್-ಸ್ಮಿತ್ 1992ರ ತಮ್ಮ ಅಧ್ಯಯನದಲ್ಲಿ ದಾಖಲಿಸಿದ್ದಾರೆ.

ಗೆಲುವನ್ನು ನಂಬುವಂತೆ ಮಾಡುವುದು ಹೇಗೆಂಬುದಕ್ಕೆ ಟೋಲ್ಕಿನ್ ಅವರ ಎಯೋವಿನ್ ಎಂಬ ಪಾತ್ರ ಒಳ್ಳೆಯ ಪಾಠ. ‘ದಿ ರಿಟರ್ನ್ ಆಫ್ ದಿ ಕಿಂಗ್’ (1955) ಕಾದಂಬರಿಯಲ್ಲಿ ಆಕೆ ವೈರಿ ಪಡೆಯ ನಾಯಕ ವಿಚ್‌ಕಿಂಗ್‌ನನ್ನು ಕೊಲ್ಲುತ್ತಾಳೆ. ಜೀವಂತ ಪುರುಷ ಯಾರೂ ತನ್ನನ್ನು ತಡೆಯಲಾರ ಎಂಬ ಅವನ ಮಾತನ್ನಷ್ಟೇ ಜನ ನೆನಪಿಟ್ಟುಕೊಂಡಿದ್ದಾರೆ, ಆದರೆ ದೃಶ್ಯ ನಿಂತಿರುವುದು ಬೇರೆ ಆಧಾರಗಳ ಮೇಲೆ. ಅವಳ ಜೊತೆಗಾರ ಮೆರಿ ವಿಚ್‌ಕಿಂಗ್‌ನನ್ನು ಮೊದಲು ಇರಿಯುವ ಕತ್ತಿ ಕಥೆಯ ಮೊದಲ ಭಾಗದಲ್ಲೇ ಹಳೆಯ ಸಮಾಧಿಯೊಂದರಲ್ಲಿ ಸಿಕ್ಕದ್ದು, ಅದನ್ನು ಮಾಡಿದವರು ಇದೇ ವೈರಿಯ ವಿರುದ್ಧ ಹೋರಾಡಿದ್ದ ಜನ. ಮನೆಯೆಂಬ ಪಂಜರದ ಭಯ, ಸಾಯುವ ಹಂಬಲ ಎಯೋವಿನ್‌ಳಲ್ಲಿ ಮೊದಲೇ ಕಂಡಿವೆ. ಗದೆಯ ಏಟಿಗೆ ಅವಳ ಗುರಾಣಿ ಚೂರಾಗುತ್ತದೆ, ತೋಳು ಮುರಿಯುತ್ತದೆ, ಗೆದ್ದ ಮೇಲೂ ಸಾವಿನಂಚಿನಲ್ಲಿ ಮಲಗಿರುತ್ತಾಳೆ. ಮುಂಚಿನ ತಯಾರಿ, ಒಳಗಿನ ಕಾರಣ, ತೆತ್ತ ಬೆಲೆ ಮೂರೂ ಇರುವುದರಿಂದ ಆ ಗೆಲುವು ಅವಳದೇ ಅನ್ನಿಸುತ್ತದೆ.

ಉರ್ಸುಲಾ ಲೆ ಗ್ವಿನ್ 1968ರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ಯಲ್ಲಿ ಅಸಾಧಾರಣ ಪ್ರತಿಭೆಯ ಹುಡುಗ ಗೆಡ್‌ನಿಗೂ ಹೀಗೆಯೇ ಲೆಕ್ಕ ಇಟ್ಟಿದ್ದಾರೆ: ಅಹಂಕಾರದಿಂದ ಅವನು ಬಿಡುಗಡೆ ಮಾಡಿದ ನೆರಳು ಅವನ ಮುಖವನ್ನು ಸೀಳುತ್ತದೆ, ಗುರುವೊಬ್ಬರ ಪ್ರಾಣ ಹೋಗುತ್ತದೆ. ಅಲ್ಲಿನ ಮಾಂತ್ರಿಕ ಶಾಲೆಗೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. 1990ರ ‘ತೆಹಾನು’ವಿನಲ್ಲಿ ಲೇಖಕಿಯೇ ಆ ಲೋಕಕ್ಕೆ ಮರಳಿ ಇದನ್ನು ಪ್ರಶ್ನಿಸಿದರು.

ಬರೆಯುವವರು ಕರಡು ಮುಗಿಸಿದ ಮೇಲೆ ಪ್ರತಿ ದೊಡ್ಡ ತಿರುವಿನ ಮುಂದೆ ನಾಲ್ಕು ಸಂಗತಿಗಳನ್ನು ಒಂದೊಂದು ಕಲಂನಲ್ಲಿ ಗುರುತುಹಾಕಿಕೊಳ್ಳಬೇಕು: ತೀರ್ಮಾನ ಯಾರದು, ಯಾವ ಕೌಶಲದಿಂದ ಕೆಲಸ ಆಯಿತು, ಆ ಕೌಶಲ ಹಿಂದೆ ಎಲ್ಲಿ ಕಂಡಿತ್ತು, ಏನು ಕಳೆದುಹೋಯಿತು. ಕೊನೆಯ ಕಲಂ ಸತತ ಮೂರು ತಿರುವುಗಳಲ್ಲಿ ಖಾಲಿ ಉಳಿದರೆ ಅಲ್ಲಿ ಸಡಿಲವಿದೆ. ಮೊದಲ ಕಲಂನಲ್ಲಿ ನಾಯಕಿಯ ಹೆಸರೇ ಇಲ್ಲದಿದ್ದರೆ ಇನ್ನೂ ದೊಡ್ಡ ತೊಂದರೆ: ಶಕ್ತಿ ಕೊಟ್ಟಿದ್ದೀರಿ, ಕಥೆ ಮಾತ್ರ ಬೇರೆಯವರ ಕೈಯಲ್ಲಿದೆ. ಬಳಿಕ ಅನುಮಾನದ ದೃಶ್ಯಕ್ಕೆ ಗಂಡಸಿನ ಹೆಸರಿಟ್ಟು ಓದಿ. ಆಕ್ಷೇಪ ಮಾಯವಾದರೆ ದೃಶ್ಯವನ್ನು ಮುಟ್ಟಬೇಡಿ, ಉಳಿದರೆ ತಿದ್ದಿ.

ತಿದ್ದುವಾಗ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಆಕೆ ಆಗಾಗ ಎಡವುತ್ತಾಳೆ, ಬೀಳುತ್ತಾಳೆ ಎಂಬಂಥ ಮುದ್ದಾದ ದೌರ್ಬಲ್ಯ ಸೇರಿಸುವುದು. ಕಥೆಯ ದಾರಿ ಬದಲಿಸದ ದೌರ್ಬಲ್ಯದಿಂದ ಪ್ರಯೋಜನವಿಲ್ಲ. ಕೋಪ, ಮೊಂಡುತನ, ತಪ್ಪು ಜನರ ಮೇಲಿನ ನಂಬಿಕೆ ಇಂಥವನ್ನು ಕೊಟ್ಟು, ಅದರಿಂದಲೇ ಒಂದು ಸೋಲು ಹುಟ್ಟುವಂತೆ ಮಾಡಿ. ನಾಯಕಿ ಹೊಳೆಯಲೆಂದು ಉಳಿದ ಹೆಂಗಸರನ್ನು ದಡ್ಡರನ್ನಾಗಿಸುವುದೂ ಬೇಡ, ಕೊನೆಯ ಕ್ಷಣದಲ್ಲಿ ನಾಯಕನಿಂದ ಬಿಡಿಸುವುದೂ ಬೇಡ. ಮೊದಲ ಪುಟದಿಂದಲೇ ಪಳಗಿದ ಯೋಧೆಯನ್ನು ಬರೆಯುತ್ತಿದ್ದರೆ ಕತ್ತಿಯಿಂದ ಬಗೆಹರಿಯದ ಸಮಸ್ಯೆಯನ್ನು ಅವಳ ಮುಂದಿಡಿ: ಮುರಿಯಲಾಗದ ಒಪ್ಪಂದ, ಎದುರು ಪಾಳೆಯದಲ್ಲಿ ನಿಂತ ತಂಗಿ, ಹಸಿದ ಊರು.